ಹತ್ತು ಸೂಜಿ

ಹಿಂದೆ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ
'ನಾಳೆ ಬಾ' ಅಂತ ಬರೆದಿರುತ್ತಿದ್ದರಂತೆ.
ದೆವ್ವ ಬಂದು, ಓದಿ, ತಿರುಗಿ ಹೋಗಿ,
ಮರುದಿನ ಬಂದು ಮತ್ತೆ ಅದನ್ನೇ ಓದಿ,
ಹಾಗೇ ಮುದಿಯಾಯಿತಂತೆ.

ನಾನು ಬರೆಯಲಿಲ್ಲ, ಬಾಯಲ್ಲೇ ಹೇಳಿದೆ.
ಹತ್ತೊಂಬತ್ತು ವರ್ಷ, ಕೋಡಿಬಾಗದ ಈ ಒಂದೂವರೆ ಕೋಣೆಯಲ್ಲಿ,
ತುಟಿಯ ಸಂದಿಗೆ ಗುಂಡುಸೂಜಿ ಕಚ್ಚಿಕೊಂಡು:
ನಾಳೆ ಬನ್ನಿ ಬಾಯಿ, ಗುಂಡಿಯೊಂದು ಬಾಕಿ.
ಗುಂಡಿಯಲ್ಲ,
ಬಟ್ಟೆಯನ್ನೇ ಇನ್ನೂ ಕತ್ತರಿಸಿರಲಿಲ್ಲ.

ದೆವ್ವಕ್ಕಿದ್ದ ತಾಳ್ಮೆ
ಫಿಲೋಮಿನಾ ಟೀಚರಿಗೆ ಎಲ್ಲಿಂದ ಬರಬೇಕು?
ಮಗಳ ಮದುವೆಯ ಹಿಂದಿನ ಸಂಜೆ
ಮಡಿಕೆ ಬಿಚ್ಚದ ರೇಷ್ಮೆಯನ್ನು ಎದೆಗೆ ಅವಚಿಕೊಂಡು
ಒಂದು ಮಾತೂ ಆಡದೆ ಮೆಟ್ಟಿಲಿಳಿದರು.
ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ನಾಲ್ಕೂವರೆಗೆ ಬೈತಖೋಲದ ಕಡೆ ಹೊರಟ ಟೆಂಪೋ.
ಹಿಂದೆ ಖಾಲಿ ಬುಟ್ಟಿಗಳು, ಬುಟ್ಟಿಗಳ ನಡುವೆ ಹೆಂಗಸರು,
ಗುಲಾಬಿ ಖಾರ್ವಿ ಹೇಳುತ್ತಿದ್ದ ಯಾರದೋ ಗಂಡನ ಕತೆ,
ತಿರುವಿನಾಚೆಗೂ ಕೇಳುತ್ತಿದ್ದ ನಗು.
ಈ ಹೊತ್ತಿಗೇ ಇಷ್ಟು ನಗಲಿಕ್ಕಾಗುತ್ತದೆಯೆ?
ಎದ್ದು ಕೂತೆ.

ಮೊದಲ ತಿಂಗಳು ಬರೀ ದುರಾಸೆ.
ತಾಸೊಂದು ಹೆಚ್ಚಿಗೆ ಸಿಕ್ಕಿತೆಂದು
ಹೆಚ್ಚಿಗೆ ನಾಲ್ಕು ಬ್ಲೌಸು ಒಪ್ಪಿಕೊಂಡೆ.
ಐಸ್ ಫ್ಯಾಕ್ಟರಿಯ ರಾತ್ರಿಪಾಳಿ ಮುಗಿಸಿ ಬಂದ ಗಂಡ
ಮಶೀನಿನ ಸದ್ದಿಗೆ ದಿಂಬನ್ನು ಕಿವಿಗೊತ್ತಿಕೊಂಡು,
'ಬೇಗ ಎದ್ದವರು ಉದ್ಧಾರ ಆಗ್ತಾರಂತೆ.
ಕೋಳಿಯನ್ನು ನೋಡು, ದಿನಾ ಅದೇ ಮೊದಲು ಏಳೋದು.
ಭಾನುವಾರ ಅದಕ್ಕೇನಾಯ್ತು?' ಅಂದ.
ಮಧ್ಯಾಹ್ನ ತೂಕಡಿಸುತ್ತ
ನೌಕಾನೆಲೆಯ ಹುಡುಗನ ಅಂಗಿಗೆ
ಎರಡೂ ಎಡತೋಳನ್ನೇ ಹೊಲಿದುಬಿಟ್ಟೆ.
'ಸಲ್ಯೂಟ್ ಹೇಗೆ ಹೊಡೀಲಿ ಅಕ್ಕಾ?'

ಆಮೇಲೆ ಒಂದು ಬೆಳಗು ಕರೆಂಟು ಹೋಯಿತು.
ಕಾಲಲ್ಲಿ ತುಳಿಯಬಹುದಿತ್ತು;
ಕತ್ತಲಲ್ಲಿ ಬೆರಳನ್ನೇ ಹೊಲಿದುಕೊಳ್ಳುವ ಧೈರ್ಯವಿರಲಿಲ್ಲ.
ಹೊಸ್ತಿಲ ಮೇಲೆ ಕೂತೆ.
ಕಾಳಿಯಾಚೆ ಸದಾಶಿವಗಡದ ಗುಡ್ಡ
ಇಸ್ತ್ರಿ ಕಾಣದ ಕರಿ ಬಟ್ಟೆಯ ರಾಶಿಯ ಹಾಗೆ.
ನೀರು ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.
ಭರತಿ ಮುಗಿದು ಇಳಿತ ಇನ್ನೂ ನೆನಪಾಗದ
ಆ ಚೂರು ಹೊತ್ತು.
ನಲವತ್ತಾರು ವರ್ಷ ಈ ದಡದಲ್ಲೇ ಇದ್ದೇನೆ,
ಹೊಳೆ ಸುಮ್ಮನೆ ನಿಂತದ್ದನ್ನು ನೋಡಿರಲಿಲ್ಲ.

ಕೈ ಸುಮ್ಮನಿರಬೇಕಲ್ಲ.
ಸೂಜಿದಿಂಬು ತೊಡೆಯ ಮೇಲಿಟ್ಟುಕೊಂಡು
ನೂಲನ್ನು ತುಟಿಯಲ್ಲಿ ನೆನೆಸಿ, ಚೂಪು ಮಾಡಿ,
ಕುರುಡಾಗಿ ಪೋಣಿಸತೊಡಗಿದೆ.
ಮೊದಲನೆಯದಕ್ಕೆ ಎಷ್ಟು ಸಲ ತಪ್ಪಿದೆನೋ.
ಬಿಳಿ, ಕಪ್ಪು, ಕುಂಕುಮ,
ಯಾರ ಸೀರೆಗೂ ಹೊಂದದ ಆ ಒಂದು ಹಸಿರು...
ಏಳನೆಯ ಸೂಜಿಯ ಕಣ್ಣು
ದೀಪವಿಲ್ಲದೆಯೇ ಕಂಡಿತು.
ಬೆಳಗಾಗುವುದೆಂದರೆ ಇಷ್ಟೇ ಇರಬೇಕು.

ಅಂದಿನಿಂದ ದಿನವೂ ಹತ್ತು ಸೂಜಿ.
ಮಶೀನು ಮುಟ್ಟುವುದು ಆರರ ನಂತರವೇ,
ನಲ್ಲಿಯಲ್ಲಿ ನೀರು ಬಂದು ನಿಂತ ಮೇಲೆ.
ಇದರಿಂದ ಸಾಲ ತೀರಿತೆಂದರೆ ಸುಳ್ಳಾದೀತು.
ಆದರೆ ಹನ್ನೊಂದರ ಗದ್ದಲದಲ್ಲಿ
ಅಂಚು ಮಡಚಲು ಕೈ ಚಾಚಿದರೆ
ನೂಲು ಮೊದಲೇ ಕಾದಿರುತ್ತದೆ.
ಮಗಳ ಮೇಲೆ ರೇಗುವುದು ಮರೆತುಹೋಗುತ್ತದೆ.
ಒಪ್ಪಿಕೊಳ್ಳುವುದು ನಾಲ್ಕೇ ಬ್ಲೌಸು,
ನಾಲ್ಕನ್ನೂ ಕೊಡುತ್ತೇನೆ.

ಮೊನ್ನೆ ಟೀಚರು ಬಂದರು, ಮೊಮ್ಮಗುವಿನ ಜುಬಲಾಕ್ಕೆ ಬಟ್ಟೆ ಹಿಡಿದು.
'ಯಾವಾಗ?'
ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದೆ.
'ಶನಿವಾರ. ನಾಲ್ಕಕ್ಕೆ.'
ಅವರು ನಂಬಲಿಲ್ಲ; ಐದಕ್ಕೆ ಬಂದರು.
ಗುಂಡಿಯನ್ನು ಎರಡು ಸಲ ಜಗ್ಗಿ ನೋಡಿ
ಚಿಲ್ಲರೆ ಎಣಿಸಿಕೊಟ್ಟರು.

ರಾತ್ರಿ ಅಂಗಡಿಯ ಹಲಗೆ ಜೋಡಿಸುವಾಗ
ಎರಡು ಸೂಜಿ ನೂಲಿನ ಸಮೇತ ಉಳಿದಿದ್ದವು.
ಹಾಗೇ ಬಿಟ್ಟೆ.
ಹೊರಗೆ ಹೊಳೆ ಇಳಿಯುತ್ತಿತ್ತು.
ಅಭ್ಯಾಸಬಲಕ್ಕೆ ಬಾಯಿಗೆ ಅದೇ ಮಾತು ಬಂತು,
ಆದರೆ ಈ ಸಲ ಯಾರನ್ನೂ ಕಳಿಸಲಿಕ್ಕಲ್ಲ:
ನಾಳೆಯೇ, ಬಾ.